ಬಿಸಿಲಿಗೊಂದು ಕೆರೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಒಂದು ಶಿಲಾಸ್ತಂಭವಿದೆ. ಕದಂಬರ ಶಾಂತಿವರ್ಮನ ಕಾಲದಲ್ಲಿ, ಎಂದರೆ ಕ್ರಿಸ್ತಶಕ ಐದನೆಯ ಶತಮಾನದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಅದರ ಮೇಲೆ ಕೊರೆದಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳು ಮಯೂರಶರ್ಮನ ವೃತ್ತಾಂತಕ್ಕಾಗಿ ಆ ಶಾಸನವನ್ನು ಓದುತ್ತಾರೆ. ಆದರೆ ಶಾಸನಕ್ಕೆ ಕಾರಣವಾದುದು ಒಂದು ಕೆರೆ. ಕಾಕುಸ್ಥವರ್ಮನು ಅಲ್ಲಿ ಕೆರೆಯನ್ನು ಕಟ್ಟಿಸಿದ ಸಂಗತಿಯನ್ನು ಅದು ದಾಖಲಿಸುತ್ತದೆ.

ಶಿಕಾರಿಪುರ, ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆ. ಮಳೆ ವರ್ಷದಲ್ಲಿ ಕೆಲವೇ ತಿಂಗಳು ಸುರಿಯುತ್ತದೆ. ನೀರು ಹನ್ನೆರಡು ತಿಂಗಳೂ ಬೇಕು. ದೊರೆಯುವ ಕಾಲಕ್ಕೂ ಬೇಕಾಗುವ ಕಾಲಕ್ಕೂ ನಡುವಣ ಈ ಅಂತರವನ್ನು ನಮ್ಮ ಹಿರಿಯರು ಕೆರೆಗಳಿಂದ ತುಂಬಿದರು. ಮನೆಗೊಂದು ಕೆರೆಯನ್ನು ತೋಡಲಿಲ್ಲ, ಊರಿಗೊಂದನ್ನು ಕಟ್ಟಿದರು. ಬಿಸಿಲಿನ ವಿಷಯವೂ ಇದೇ ಬಗೆಯದು. ಅದು ಹಗಲಿನಲ್ಲಿ ದೊರೆಯುತ್ತದೆ, ದೀಪ ಬೇಕಾಗುವುದು ಇರುಳಿನಲ್ಲಿ. ಹೀಗಿರುವಲ್ಲಿ ಬಿಸಿಲಿಗೂ ಒಂದು ಕೆರೆ ಬೇಡವೆ? ಬೇಕಾದರೆ ಅದು ಎಷ್ಟು ದೊಡ್ಡದಿರಬೇಕು? ಮನೆಗೊಂದೋ, ಬೀದಿಗೊಂದೋ? ಇವನ್ನು ಈ ಲೇಖನದಲ್ಲಿ ವಿಚಾರಿಸೋಣ.

ಈ ಪ್ರಶ್ನೆ ನಮಗೆ ಪುಸ್ತಕದಿಂದ ಹುಟ್ಟಿದುದಲ್ಲ. ಒಂದು ಮಳೆಗಾಲದಲ್ಲಿ ಶಿಕಾರಿಪುರದ ಪರಿಚಿತರೊಬ್ಬರ ಮನೆಗೆ ಹೋಗಿದ್ದೆವು. ಮನೆಯ ತಾರಸಿಯ ಮೇಲೆ ಮೂರು ಕಿಲೋವಾಟಿನ ಸೌರಫಲಕಗಳಿದ್ದುವು. ಬೆಳಗ್ಗೆ ಬೀಸಿದ ಗಾಳಿಗೆ ಎಲ್ಲಿಯೋ ಮರ ಬಿದ್ದು ತಂತಿ ಹರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿತು, ಫಲಕಗಳು ಥಳಥಳಿಸುತ್ತಿದ್ದುವು, ಮನೆಯಲ್ಲಿ ಮಾತ್ರ ವಿದ್ಯುತ್ತಿಲ್ಲ. ಆ ಮನೆಯ ಹಿರಿಯ ತಾಯಿಗೆ ಉಬ್ಬಸ. ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಒಳಗೆ ಕಳುಹಿಸುವ ಸಣ್ಣ ಯಂತ್ರ ಮಂಚದ ಪಕ್ಕದಲ್ಲಿ ಸುಮ್ಮನೆ ಕುಳಿತಿತ್ತು. "ಮೇಷ್ಟ್ರೇ, ಬಿಸಿಲೂ ಇದೆ, ಫಲಕವೂ ಇದೆ. ಕರೆಂಟ್ ಎಲ್ಲಿಗೆ ಹೋಯಿತು?" ಎಂದು ಮನೆಯವರು ಕೇಳಿದರು. ಆಗ ನಾವು ಹೇಳಿದ ಉತ್ತರ ಅವರಿಗೆ ತೃಪ್ತಿಯನ್ನುಂಟುಮಾಡಲಿಲ್ಲ. ಅದನ್ನೇ ಇಲ್ಲಿ ಸಾವಧಾನವಾಗಿ ವಿವರಿಸುತ್ತೇವೆ.

ಫಲಕದೊಳಗಿನ ವ್ಯಾಪಾರ

ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ೧೮೩೯ರಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕೆರಲ್ ಕಂಡನು. ಅದನ್ನು ಉಪಯೋಗಕ್ಕೆ ತರಬಲ್ಲ ಸಿಲಿಕಾನ್ ಕೋಶವು ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾಯಿತು. ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ರಚಿಸಿದ ಆ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ನೂರಕ್ಕೆ ಆರು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಫಲಕಗಳು ನೂರಕ್ಕೆ ಇಪ್ಪತ್ತು ಪಾಲನ್ನು, ಕೆಲವು ಅದಕ್ಕೂ ಸ್ವಲ್ಪ ಹೆಚ್ಚನ್ನು, ಮಾರ್ಪಡಿಸುತ್ತವೆ.

ಸಿಲಿಕಾನ್ ಒಂದು ಅರೆವಾಹಕ. ಅದರಲ್ಲಿ ಬಂಧಿತವಾಗಿರುವ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು ೧.೧ ಎಲೆಕ್ಟ್ರಾನ್-ವೋಲ್ಟಿನಷ್ಟು ಶಕ್ತಿ ಬೇಕು. ಬೆಳಕಿನ ಕಣವಾದ ಫೋಟಾನು ಅಷ್ಟು ಶಕ್ತಿಯನ್ನು ತಂದರೆ ಎಲೆಕ್ಟ್ರಾನು ಬಿಡುಗಡೆಯಾಗುತ್ತದೆ. ಅದು ಬಿಟ್ಟ ಜಾಗದಲ್ಲಿ ಒಂದು ರಂಧ್ರ ಉಳಿಯುತ್ತದೆ. ಕೋಶದಲ್ಲಿ ಎರಡು ಬಗೆಯ ಸಿಲಿಕಾನ್ ಪದರಗಳು ಕೂಡುವ ಸಂಧಿಯಿದ್ದು, ಅಲ್ಲಿ ನೆಲೆಸಿರುವ ವಿದ್ಯುತ್ಕ್ಷೇತ್ರವು ಎಲೆಕ್ಟ್ರಾನನ್ನು ಒಂದು ಕಡೆಗೂ ರಂಧ್ರವನ್ನು ಮತ್ತೊಂದು ಕಡೆಗೂ ಸೆಳೆಯುತ್ತದೆ. ಹೊರಗಿನಿಂದ ತಂತಿಯನ್ನು ಜೋಡಿಸಿದರೆ ಪ್ರವಾಹ ಹರಿಯುತ್ತದೆ. ಇಲ್ಲಿ ಚಲಿಸುವ ಯಂತ್ರಭಾಗವಿಲ್ಲ, ಉರಿಯುವ ಪದಾರ್ಥವೂ ಇಲ್ಲ.

ಒಂದು ಕೋಶದ ವೋಲ್ಟೇಜು ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಮಾತ್ರ. ಆದುದರಿಂದ ಅನೇಕ ಕೋಶಗಳನ್ನು ಸರಣಿಯಲ್ಲಿ ಜೋಡಿಸುತ್ತಾರೆ. ಸರಣಿಯಲ್ಲಿ ಎಲ್ಲ ಕೋಶಗಳಲ್ಲಿಯೂ ಹರಿಯುವ ಪ್ರವಾಹ ಒಂದೇ ಆಗಿರತಕ್ಕದ್ದೆಂಬುದು ವಿದ್ಯಾರ್ಥಿಗಳಿಗೆ ತಿಳಿದಿದೆ. ಒಂದು ಕೋಶದ ಮೇಲೆ ಅಡಿಕೆಸೋಗೆಯ ನೆರಳು ಬಿದ್ದರೆ ಅದು ಇಡೀ ಸಾಲಿನ ಪ್ರವಾಹವನ್ನು ಕುಗ್ಗಿಸುತ್ತದೆ. ನೆರಳಾದ ಭಾಗವನ್ನು ಬಳಸಿಕೊಂಡು ಪ್ರವಾಹ ಮುಂದೆ ಹೋಗಲೆಂದು ಫಲಕದಲ್ಲಿ ಡಯೋಡುಗಳನ್ನು ಇಟ್ಟಿರುತ್ತಾರೆ. ಆದರೂ ನಷ್ಟ ತಪ್ಪದು. ನಮ್ಮ ಕಡೆಯ ಮನೆಗಳಲ್ಲಿ ತೆಂಗು, ಅಡಿಕೆಗಳ ನೆರಳಿಲ್ಲದ ಮಾಡು ಎಲ್ಲರಿಗೂ ಇಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ನಮ್ಮ ಸೀಮೆಯ ಬಿಸಿಲು

ಶಿಕಾರಿಪುರ, ಸೊರಬಗಳು ಸುಮಾರು ೧೪ ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ, ಸೂರ್ಯನು ಇಲ್ಲಿ ನಡುಹಗಲಿನಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಡಿಸೆಂಬರಿನಲ್ಲಿಯೂ ನಡುಹಗಲಿನ ಸೂರ್ಯ ದಿಗಂತದಿಂದ ೫೨ ಡಿಗ್ರಿ ಎತ್ತರದಲ್ಲಿರುತ್ತಾನೆ. ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು ೧೪ ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ವರ್ಷದ ಒಟ್ಟು ಫಸಲು ಚೆನ್ನಾಗಿರುತ್ತದೆ. ಮಳೆಯ ನೀರು ಧೂಳನ್ನು ತೊಳೆದು ಇಳಿಯುವುದಕ್ಕೂ ಆ ಓರೆ ಸಾಕು.

ನಿರ್ಮಲವಾದ ಮಧ್ಯಾಹ್ನದಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು ೧೦೦೦ ವಾಟು ಬಿಸಿಲು ಬೀಳುತ್ತದೆ. ನೂರಕ್ಕೆ ಇಪ್ಪತ್ತರ ದಕ್ಷತೆಯಿದ್ದರೆ ಒಂದು ಕಿಲೋವಾಟಿಗೆ ಐದು ಚದರ ಮೀಟರ್ ಫಲಕ ಬೇಕೆಂದಾಯಿತು. ಆ ಒಂದು ಕಿಲೋವಾಟು ಮಾರ್ಚ್ ತಿಂಗಳಲ್ಲಿ ದಿನಕ್ಕೆ ಹತ್ತಿರ ಹತ್ತಿರ ಐದು ಯೂನಿಟ್ ಕೊಡಬಹುದು. ಜುಲೈ ತಿಂಗಳ ಮೋಡದಲ್ಲಿ ಅದು ಅರ್ಧಕ್ಕೆ ಇಳಿಯಬಹುದು. ಬಿಡದೆ ಜಡಿಮಳೆ ಹೊಯ್ಯುವ ದಿನ ಇನ್ನೂ ಕಡಮೆ. ಬೇಸಗೆಯಲ್ಲಿಯೂ ಪೂರ್ಣ ಲಾಭ ದೊರೆಯದು. ಫಲಕ ಕಾದಂತೆಲ್ಲ ಪ್ರತಿ ಡಿಗ್ರಿಗೆ ನೂರಕ್ಕೆ ೦.೩ರಿಂದ ೦.೪ರಷ್ಟು ಉತ್ಪತ್ತಿ ಕುಗ್ಗುತ್ತದೆ.

ಬೆಳಕಿದ್ದೂ ಕತ್ತಲೆ

ಈಗ ಆ ಮನೆಯವರ ಪ್ರಶ್ನೆಗೆ ಬರೋಣ. ಫಲಕದಿಂದ ಬರುವುದು ಏಕಮುಖ ಪ್ರವಾಹ. ಮನೆಗೆ ಬೇಕಾದುದು ಸೆಕೆಂಡಿಗೆ ೫೦ ಆವರ್ತಗಳ ಪರ್ಯಾಯ ಪ್ರವಾಹ. ಈ ಮಾರ್ಪಾಟನ್ನು ಇನ್ವರ್ಟರ್ ಮಾಡುತ್ತದೆ. ಸಾಮಾನ್ಯವಾಗಿ ತಾರಸಿಗಳಲ್ಲಿ ಜೋಡಿಸುವ ಇನ್ವರ್ಟರು ತಾನಾಗಿ ತಾಳ ಹಾಕುವುದಿಲ್ಲ. ಬೀದಿಯ ತಂತಿಯಲ್ಲಿ ಬರುವ ತಾಳವನ್ನು ಅನುಸರಿಸುತ್ತದೆ. ತಂತಿಯ ಪ್ರವಾಹ ನಿಂತರೆ ಎರಡು ಸೆಕೆಂಡುಗಳೊಳಗೆ ಅದೂ ನಿಲ್ಲಬೇಕೆಂಬುದು ನಿಯಮ. ಕಾರಣವೇನೆಂದರೆ, ಹರಿದ ತಂತಿಯನ್ನು ಸರಿಪಡಿಸಲು ಕಂಬ ಹತ್ತಿದ ನೌಕರನು ಪ್ರವಾಹವಿಲ್ಲವೆಂದು ನಂಬಿ ಕೈಯಿಡುತ್ತಾನೆ. ಅದೇ ಗಳಿಗೆಯಲ್ಲಿ ಯಾರದೋ ತಾರಸಿಯಿಂದ ವಿದ್ಯುತ್ತು ತಂತಿಗೆ ಹರಿದರೆ ಅವನ ಪ್ರಾಣಕ್ಕೆ ಅಪಾಯ.

ಬೀದಿಯ ತಂತಿಯಿಂದ ಮನೆಯನ್ನು ಬೇರ್ಪಡಿಸಿ, ಫಲಕದ ವಿದ್ಯುತ್ತನ್ನು ಮನೆಗೆ ಮಾತ್ರ ಬಳಸಬಾರದೆ ಎಂದು ಕೇಳಬಹುದು. ಬಳಸಬಹುದು, ಆದರೆ ಬರಿಯ ಫಲಕದಿಂದ ಅದು ಚೆನ್ನಾಗಿ ನಡೆಯದು. ಮೋಡವೊಂದು ಹಾದುಹೋದರೆ ಉತ್ಪತ್ತಿ ಕ್ಷಣದಲ್ಲಿ ಕುಸಿಯುತ್ತದೆ. ಮಿಕ್ಸಿಯನ್ನು ಹಾಕಿದರೆ ಬೇಡಿಕೆ ಕ್ಷಣದಲ್ಲಿ ಏರುತ್ತದೆ. ಇವೆರಡನ್ನೂ ಸರಿದೂಗಿಸಲು ನಡುವೆ ಒಂದು ಸಂಗ್ರಹ ಬೇಕು. ಅಂದು ಆ ತಾಯಿಗೆ ಬೇಕಾಗಿದ್ದುದಾದರೂ ಎಷ್ಟು? ೧೫೦ ವಾಟಿನ ಯಂತ್ರ, ಕಾಲು ಗಂಟೆ. ಲೆಕ್ಕ ಹಾಕಿದರೆ ಒಂದು ಯೂನಿಟ್ಟಿನ ನೂರರಲ್ಲಿ ನಾಲ್ಕು ಪಾಲು. ಅಷ್ಟನ್ನು ಹಿಡಿದಿಡುವ ಪಾತ್ರೆ ಮನೆಯಲ್ಲಿರಲಿಲ್ಲ.

ಎಲ್ಲಿ ಕೂಡಿಡುವುದು?

ಮಾಡಿನ ಮೇಲಿನ ನೀರಿನ ತೊಟ್ಟಿಯೇ ಸಂಗ್ರಹವಾಗಬಾರದೆ? ಲೆಕ್ಕ ಮಾಡಿ ನೋಡೋಣ. ಸಾವಿರ ಲೀಟರ್ ನೀರನ್ನು ಹತ್ತು ಮೀಟರ್ ಎತ್ತರಕ್ಕೆ ಏರಿಸಿದರೆ ಅದರಲ್ಲಿ ಸೇರುವ ಶಕ್ತಿ ೧೦೦೦ × ೯.೮ × ೧೦, ಎಂದರೆ ೯೮,೦೦೦ ಜೂಲ್. ಒಂದು ಯೂನಿಟ್ ಎಂದರೆ ೩೬ ಲಕ್ಷ ಜೂಲ್. ಆದುದರಿಂದ ತುಂಬಿದ ತೊಟ್ಟಿಯಲ್ಲಿರುವುದು ೦.೦೨೭ ಯೂನಿಟ್ ಮಾತ್ರ. ಅದರಿಂದ ಆ ತಾಯಿಯ ಯಂತ್ರವೂ ಕಾಲು ಗಂಟೆ ನಡೆಯದು. ಅದೇ ಸಾವಿರ ಲೀಟರ್ ನೀರು ಜೋಗದ ೨೫೩ ಮೀಟರ್ ಎತ್ತರದಿಂದ ಇಳಿದರೆ ೦.೬೯ ಯೂನಿಟ್ ದೊರೆಯುತ್ತದೆ. ನೀರಿನಲ್ಲಿ ಶಕ್ತಿಯನ್ನು ಕೂಡಿಡಬೇಕಾದರೆ ಬೆಟ್ಟದ ಎತ್ತರವೂ ಕಣಿವೆಯಷ್ಟು ನೀರೂ ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಅವೆರಡೂ ನಮ್ಮ ಜಿಲ್ಲೆಯಲ್ಲಿಯೇ ಇವೆ. ೧೯೬೪ರಲ್ಲಿ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಒಂದು ಮಹಾ ಶಕ್ತಿಸಂಗ್ರಹ. ಹಗಲಿನಲ್ಲಿ ಸೌರವಿದ್ಯುತ್ತು ಹೇರಳವಾಗಿರುವಾಗ ಅಣೆಯ ನೀರನ್ನು ತಡೆದಿಟ್ಟು, ರಾತ್ರಿ ಬಿಡಬಹುದು. ತಾರಸಿಯಿಂದ ಹಗಲು ಹೊರಗೆ ಹರಿಸಿದ ವಿದ್ಯುತ್ತನ್ನು ರಾತ್ರಿಯ ಬಳಕೆಯಲ್ಲಿ ಕಳೆದು ಲೆಕ್ಕ ಹಾಕುವ ನಿವ್ವಳ ಮಾಪನ ಪದ್ಧತಿಯ ಹಿಂದೆ ಇಂಥ ದೊಡ್ಡ ಸಂಗ್ರಹಗಳ ಬೆಂಬಲವಿದೆ. ಹಾಗಿದ್ದರೆ ಬೀದಿಯಲ್ಲಿ ಮತ್ತೊಂದು ಸಂಗ್ರಹವೇಕೆ? ಶರಾವತಿಗೂ ನಮ್ಮ ಬೀದಿಗೂ ನಡುವೆ ತಂತಿಯಿದೆ. ೧೧,೦೦೦ ವೋಲ್ಟಿನ ಸಾಲುಗಳು ತೋಟ ಕಾಡುಗಳನ್ನು ದಾಟಿ ಬರುತ್ತವೆ. ಆಷಾಢದ ಗಾಳಿಗೆ ಅವುಗಳ ಮೇಲೆ ಕೊಂಬೆ ಬೀಳುತ್ತದೆ. ದೊಡ್ಡ ಕೆರೆ ತುಂಬಿದ್ದರೂ ಕಾಲುವೆ ಒಡೆದರೆ ಗದ್ದೆಗೆ ನೀರಿಲ್ಲ. ಆ ಕೆಲವು ಗಂಟೆಗಳನ್ನು ದಾಟಿಸುವುದೇ ಬೀದಿಯ ಬ್ಯಾಟರಿಯ ಕೆಲಸ. ಇಡೀ ಊರಿನ ಇಡೀ ರಾತ್ರಿಯ ಬಳಕೆಯನ್ನು ಅದು ಹೊರಬೇಕಾಗಿಲ್ಲ.

ಬ್ಯಾಟರಿಗಳಲ್ಲಿ ಎರಡು ಮುಖ್ಯ ಜಾತಿಗಳು. ಸೀಸ-ಆಮ್ಲದ ಬ್ಯಾಟರಿಯನ್ನು ೧೮೫೯ರಲ್ಲಿ ಗಾಸ್ತೋ ಪ್ಲಾಂತೆ ನಿರ್ಮಿಸಿದನು. ಅದು ಅಗ್ಗ, ಎಲ್ಲ ಊರುಗಳಲ್ಲಿಯೂ ದೊರೆಯುತ್ತದೆ. ಆದರೆ ಅದನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡುತ್ತ ಬಂದರೆ ಬೇಗ ಕೆಡುತ್ತದೆ. ಬರಿದಾಗಿಯೇ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂಡುತ್ತದೆ. ಇನ್ನೊಂದು ಲಿಥಿಯಮ್ ಬ್ಯಾಟರಿ. ಅದರಲ್ಲಿ ಲಿಥಿಯಮ್ ಅಯಾನುಗಳು ತುಂಬುವಾಗ ಗ್ರಾಫೈಟಿನ ಪದರಗಳೊಳಗೆ ಹೋಗಿ ಸೇರುತ್ತವೆ, ಬಳಸುವಾಗ ಹಿಂದಿರುಗುತ್ತವೆ. ಮನೆ, ಬೀದಿಗಳ ಸಂಗ್ರಹಕ್ಕೆ ಹೆಚ್ಚಾಗಿ ಉಪಯೋಗಿಸುವುದು ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಜಾತಿಯನ್ನು. ಈ ಪದಾರ್ಥದ ಗುಣವನ್ನು ೧೯೯೭ರಲ್ಲಿ ಪ್ರಕಟಿಸಿದವರು ಪಾಢಿ, ನಂಜುಂಡಸ್ವಾಮಿ ಮತ್ತು ಗುಡೆನಫ್. ಗುಡೆನಫ್ ಅವರು ಲಿಥಿಯಮ್ ಬ್ಯಾಟರಿಗಳ ಕುರಿತ ಸಂಶೋಧನೆಗಾಗಿ ೨೦೧೯ರಲ್ಲಿ ಇಬ್ಬರೊಡನೆ ನೊಬೆಲ್ ಬಹುಮಾನವನ್ನು ಪಡೆದರು. ಈ ಬ್ಯಾಟರಿಯನ್ನು ನೂರಕ್ಕೆ ೯೦ರವರೆಗೆ ಬಳಸಬಹುದು. ಕೆಲವು ಸಾವಿರ ಸಲ ತುಂಬಿ ಬರಿದುಮಾಡಬಹುದು. ಉಳಿದ ಲಿಥಿಯಮ್ ಜಾತಿಗಳಿಗಿಂತ ಬೆಂಕಿಯ ಭಯವೂ ಕಡಮೆ. ಮೂರು ಯೂನಿಟ್ ಹಿಡಿಯುವ ಇಂಥ ಬ್ಯಾಟರಿಯ ತೂಕ ಮೂವತ್ತು ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಅಷ್ಟೇ ಶಕ್ತಿಗೆ ನೀರಿನ ತೊಟ್ಟಿಗಳಾದರೆ ನೂರಹತ್ತು ಬೇಕು!

ಇಪ್ಪತ್ತು ಮನೆಗಳ ಲೆಕ್ಕ

ಸೊರಬದಲ್ಲಿಯೋ ಶಿಕಾರಿಪುರದಲ್ಲಿಯೋ ಇಪ್ಪತ್ತು ಮನೆಗಳ ಒಂದು ಬೀದಿಯನ್ನು ಊಹಿಸಿಕೊಳ್ಳೋಣ. ಸಂಜೆ ಆರರಿಂದ ಹತ್ತರವರೆಗೆ ತಂತಿಯಲ್ಲಿ ಪ್ರವಾಹವಿಲ್ಲವೆಂದು ಇಟ್ಟುಕೊಳ್ಳೋಣ. ಪ್ರತಿಯೊಂದು ಮನೆಯಲ್ಲಿ ೯ ವಾಟಿನ ಐದು ದೀಪಗಳು, ೩೦ ವಾಟಿನ ಹೊಸ ಬಗೆಯ ಎರಡು ಫ್ಯಾನುಗಳು, ೬೦ ವಾಟಿನ ಟಿ.ವಿ., ದೂರವಾಣಿ ಮೊದಲಾದುವಕ್ಕೆ ೨೫ ವಾಟು: ಒಟ್ಟು ೧೯೦ ವಾಟು. ನಾಲ್ಕು ಗಂಟೆಗೆ ೦.೭೬ ಯೂನಿಟ್. ಇದಲ್ಲದೆ ೭೫೦ ವಾಟಿನ ಮಿಕ್ಸಿ ಕಾಲು ಗಂಟೆ ನಡೆಯಲಿ. ಇಪ್ಪತ್ತು ಮನೆಗಳಿಗೆ ಎಲ್ಲ ಕೂಡಿ ಸುಮಾರು ೧೯ ಯೂನಿಟ್.

ಮನೆಗೊಂದು ಇನ್ವರ್ಟರ್ ಇಟ್ಟರೆ ಪ್ರತಿಯೊಂದೂ ೧೯೦ನ್ನೂ ೭೫೦ನ್ನೂ ಒಟ್ಟಿಗೆ ಹೊರಬೇಕು, ಎಂದರೆ ೯೪೦ ವಾಟು. ಇಪ್ಪತ್ತಕ್ಕೆ ೧೮.೮ ಕಿಲೋವಾಟು. ಬೀದಿಗೆಲ್ಲ ಒಂದೇ ಇಟ್ಟರೋ? ಎಲ್ಲ ಮಿಕ್ಸಿಗಳೂ ಒಂದೇ ಗಳಿಗೆಯಲ್ಲಿ ತಿರುಗುವುದಿಲ್ಲ. ಒಂದು ಮಿಕ್ಸಿ ನಾಲ್ಕು ಗಂಟೆಗಳಲ್ಲಿ ಕಾಲು ಗಂಟೆ ನಡೆಯುವುದರಿಂದ, ಯಾವುದೇ ಗಳಿಗೆಯಲ್ಲಿ ಅದು ನಡೆಯುತ್ತಿರುವ ಸಂಭವನೀಯತೆ ಹದಿನಾರರಲ್ಲಿ ಒಂದು. ಮನೆಗಳು ಒಂದನ್ನೊಂದು ಅನುಸರಿಸದೆ ನಡೆಸುತ್ತವೆಂದು ಭಾವಿಸಿದರೆ, ಕಾಲೇಜಿನಲ್ಲಿ ಕಲಿಸುವ ದ್ವಿಪದ ವಿತರಣೆಯಿಂದ ಉಳಿದುದನ್ನು ತಿಳಿಯಬಹುದು. ಒಂದು ಗಳಿಗೆಯಲ್ಲಿ ನಡೆಯುವ ಮಿಕ್ಸಿಗಳ ಸರಾಸರಿ ೧.೨೫, ಐದಕ್ಕಿಂತ ಹೆಚ್ಚು ಒಟ್ಟಿಗೆ ನಡೆಯುವ ಸಂಭವನೀಯತೆ ಸುಮಾರು ಸಾವಿರಕ್ಕೊಂದು. ಆದುದರಿಂದ ೨೦ × ೧೯೦ + ೫ × ೭೫೦, ಎಂದರೆ ೭,೫೫೦ ವಾಟು ಸಾಕು. ಹತ್ತೊಂಬತ್ತು ಕಿಲೋವಾಟಿನ ಜಾಗದಲ್ಲಿ ಎಂಟು ಕಿಲೋವಾಟು!

ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಲೆಕ್ಕ ಪ್ರಾಮಾಣಿಕವಾಗದು. ಇಲ್ಲಿ ಕುಗ್ಗಿದುದು ಇನ್ವರ್ಟರಿನ ಸಾಮರ್ಥ್ಯ. ಬ್ಯಾಟರಿ ಹಿಡಿಯಬೇಕಾದ ೧೯ ಯೂನಿಟ್ ಅಷ್ಟಾಗಿ ಕುಗ್ಗುವುದಿಲ್ಲ. ಅಲ್ಲದೆ ಮರುದಿನ ಹಬ್ಬವಾಗಿ ಎಲ್ಲರೂ ಏಳು ಗಂಟೆಗೇ ರುಬ್ಬಲು ನಿಂತರೆ ನಮ್ಮ ಸಂಭವನೀಯತೆಯ ಗಣಿತ ಬೀಳುತ್ತದೆ. ಅಂಥ ದಿನ ಗಣಿತಕ್ಕಿಂತ ನೆರೆಹೊರೆಯ ಒಪ್ಪಂದವೇ ಉಪಯೋಗಕ್ಕೆ ಬರುತ್ತದೆ.

ಬ್ಯಾಟರಿಯ ನೂರಕ್ಕೆ ೯೦ ಪಾಲನ್ನು ಮಾತ್ರ ಬಳಸುತ್ತೇವೆ, ಇನ್ವರ್ಟರಿನಲ್ಲಿ ನೂರಕ್ಕೆ ಎಂಟು ನಷ್ಟವಾಗುತ್ತದೆ ಎಂದು ಹಿಡಿದರೆ ೧೯ ಯೂನಿಟ್ಟಿಗಾಗಿ ೨೩ ಯೂನಿಟ್ಟಿನ ಬ್ಯಾಟರಿ ಬೇಕು. ತುಂಬುವಾಗಲೂ ತೆಗೆಯುವಾಗಲೂ ಆಗುವ ನಷ್ಟವನ್ನು ಕೂಡಿಸಿ, ನೂರು ಹಾಕಿದರೆ ೮೫ ಹಿಂದಿರುಗುತ್ತದೆಂದುಕೊಂಡರೆ, ಅದಕ್ಕೆ ದಿನಕ್ಕೆ ಸುಮಾರು ೨೨.೪ ಯೂನಿಟ್ ತುಂಬಬೇಕು. ಜುಲೈಯಲ್ಲಿ ಕಿಲೋವಾಟಿಗೆ ಎರಡೂವರೆ ಯೂನಿಟ್ಟಿನಂತೆ ಒಂಬತ್ತು ಕಿಲೋವಾಟಿನ ಫಲಕಗಳು. ವಿಸ್ತೀರ್ಣ ೪೫ ಚದರ ಮೀಟರ್. ನೆರಳಿಲ್ಲದ ಒಂದು ಶಾಲೆಯ ತಾರಸಿ ಅಥವಾ ಎರಡು ಮೂರು ಮನೆಗಳ ಮಾಡು ಸಾಕಾಯಿತು. ಮಾರ್ಚ್ ತಿಂಗಳಲ್ಲಿ ಇವೇ ಫಲಕಗಳು ೪೫ ಯೂನಿಟ್ ಕೊಡುತ್ತವೆ. ಬ್ಯಾಟರಿ ತುಂಬಿ ಮಿಕ್ಕ ಅರ್ಧವನ್ನು ವಿದ್ಯುಜ್ಜಾಲಕ್ಕೆ ಹರಿಸಬಹುದು. ಜಡಿಮಳೆಯ ದಿನ ಬ್ಯಾಟರಿ ಪೂರ್ತಿ ತುಂಬದು. ಅಂದು ಯಾವುದು ಮೊದಲು? ರೋಗಿಯ ಯಂತ್ರ, ದೀಪ, ದೂರವಾಣಿ, ಅನಂತರ ಫ್ಯಾನು, ಟಿ.ವಿ., ಮಿಕ್ಸಿಗಳು ಕೊನೆಗೆ. ಈ ಕ್ರಮವನ್ನು ಬಿಸಿಲಿರುವ ದಿನವೇ ಗೊತ್ತುಮಾಡಿಟ್ಟುಕೊಳ್ಳಬೇಕು.

ತಾರಸಿ ಇಲ್ಲದವರ ಪಾಲು

೨೦೨೪ರಲ್ಲಿ ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಮನೆಯ ಮೇಲೆ ಒಂದು ಕಿಲೋವಾಟು ಹಾಕಿದರೆ ೩೦,೦೦೦, ಎರಡಕ್ಕೆ ೬೦,೦೦೦, ಮೂರು ಮತ್ತು ಅದಕ್ಕೆ ಮೇಲ್ಪಟ್ಟು ೭೮,೦೦೦ ರೂಪಾಯಿಗಳ ಸಹಾಯಧನವನ್ನು ಅದು ಗೊತ್ತುಪಡಿಸಿತು. ಲೆಕ್ಕವೆಲ್ಲ ಫಲಕದ ಕಿಲೋವಾಟಿಗೆ. ಸ್ವಂತ ಮಾಡಿಲ್ಲದ ಬಾಡಿಗೆದಾರರು, ತೋಟದ ನೆರಳಿನ ಮನೆಯವರು, ಹಳೆಯ ಹೆಂಚಿನ ಮಾಡಿನವರು ಇದರಲ್ಲಿ ಹಿಂದೆ ಉಳಿಯುತ್ತಾರೆ. ಬೀದಿಯ ಸಂಗ್ರಹದಿಂದ ಅವರಿಗೂ ಪಾಲು ದೊರೆಯುತ್ತದೆಂಬುದೇ ಅದರ ಪರವಾದ ಬಲವಾದ ವಾದ.

ಆದರೆ ನೆರೆಯವರೆಲ್ಲ ಕೂಡಿ ಮನೆಯಿಂದ ಮನೆಗೆ ತಂತಿ ಎಳೆಯುವಂತಿಲ್ಲ. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ವಿತರಣೆಗೆ ಪರವಾನಗಿ ಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಆ ಕೆಲಸ ಮೆಸ್ಕಾಂ ಸಂಸ್ಥೆಯದು. ಆದುದರಿಂದ ಬ್ಯಾಟರಿ ಇರತಕ್ಕ ಸ್ಥಳ ಬೀದಿಯ ಟ್ರಾನ್ಸ್‌ಫಾರ್ಮರಿನ ಬಳಿ. ಮೇಲಿನ ೧೧,೦೦೦ ವೋಲ್ಟಿನ ಸಾಲು ಸತ್ತೊಡನೆಯೇ ಒಂದು ಸ್ವಿಚ್ಚು ಬೀದಿಯನ್ನು ಅದರಿಂದ ಬೇರ್ಪಡಿಸಬೇಕು. ಅನಂತರವೇ ಬ್ಯಾಟರಿ ತನ್ನ ತಾಳವನ್ನು ತಾನೇ ಹಾಕಿಕೊಂಡು ಮನೆಗಳಿಗೆ ಪ್ರವಾಹ ಕೊಡಬೇಕು. ಹೀಗೆ ಮಾಡಿದರೆ ಮೇಲಿನ ಸಾಲಿನಲ್ಲಿ ಕೆಲಸ ಮಾಡುವವನಿಗೆ ಅಪಾಯವಿಲ್ಲ.

ಇದು ಕಲ್ಪನೆಯ ಮಾತಲ್ಲ. ೨೦೨೧ರಲ್ಲಿ ದೆಹಲಿಯ ರಾಣಿಬಾಗ್ ಉಪಕೇಂದ್ರದಲ್ಲಿ ಅಲ್ಲಿಯ ವಿತರಣಾ ಸಂಸ್ಥೆಯು ೧೫೦ ಕಿಲೋವಾಟಿನ, ೫೨೮ ಯೂನಿಟ್ ಹಿಡಿಯುವ ಲಿಥಿಯಮ್ ಬ್ಯಾಟರಿಯನ್ನು ಸಮುದಾಯ ಸಂಗ್ರಹವೆಂದು ಸ್ಥಾಪಿಸಿತು. ನಮ್ಮ ಊಹೆಯ ಬೀದಿಗಳಾದರೆ ಇಪ್ಪತ್ತಮೂರಕ್ಕೆ ಅದು ಸಾಕು. ಒಂದೆಡೆ ಹಾಕಿದ ಫಲಕಗಳ ಉತ್ಪತ್ತಿಯನ್ನು ಹಲವು ಮನೆಗಳ ಲೆಕ್ಕಕ್ಕೆ ಹಂಚುವ ಪದ್ಧತಿಗೂ ದೆಹಲಿಯ ನಿಯಂತ್ರಣ ಆಯೋಗವು ೨೦೧೯ರಲ್ಲಿ ನಿಯಮಗಳನ್ನು ರಚಿಸಿತು.

ಹೂಳೆತ್ತುವ ಕೆಲಸ

ಕೆರೆ ಕಟ್ಟಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ವರ್ಷ ವರ್ಷ ಹೂಳೆತ್ತಿದವರ ಹೆಸರು ಉಳಿಯುವುದಿಲ್ಲ. ಆದರೆ ಕೆರೆ ಉಳಿಯುವುದು ಅವರಿಂದ. ಬ್ಯಾಟರಿಗೂ ಹೂಳು ತುಂಬುತ್ತದೆ. ಪ್ರತಿ ಸಲ ತುಂಬಿ ಬರಿದಾದಾಗಲೂ ಸ್ವಲ್ಪ ಲಿಥಿಯಮ್ ಅಡ್ಡ ರಾಸಾಯನಿಕ ಕ್ರಿಯೆಗಳಲ್ಲಿ ಸಿಕ್ಕಿಬಿದ್ದು ಹಿಂದಿರುಗದೆ ಉಳಿಯುತ್ತದೆ. ಸೆಕೆ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ವರ್ಷಗಳು ಕಳೆದಂತೆ ೨೩ ಯೂನಿಟ್ಟಿನ ಬ್ಯಾಟರಿ ೧೮ ಯೂನಿಟ್ಟಿನದಾಗುತ್ತದೆ; ಒಂದು ದಿನ ಅದನ್ನು ಬದಲಾಯಿಸಲೇಬೇಕು.

ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಬಿಹಾರದ ಧರ್ನಾಯಿ ಗ್ರಾಮ ನಿದರ್ಶನ. ೨೦೧೪ರಲ್ಲಿ ಅಲ್ಲಿ ಬ್ಯಾಟರಿಸಹಿತವಾದ ೧೦೦ ಕಿಲೋವಾಟಿನ ಸೌರವ್ಯವಸ್ಥೆಯನ್ನು ಸ್ಥಾಪಿಸಿದಾಗ ದೇಶವೇ ಕೊಂಡಾಡಿತು. ಅನಂತರ ಸರ್ಕಾರದ ತಂತಿ ಊರಿಗೆ ಬಂದಿತು. ಅದರ ದರ ಕಡಮೆಯಾಗಿದ್ದುದರಿಂದ ಜನ ಅತ್ತ ಸರಿದರು. ಕೆಲವು ವರ್ಷಗಳಲ್ಲಿ ಬ್ಯಾಟರಿಗಳು ಸೋತುವು. ಬದಲಾಯಿಸುವವರಿಲ್ಲದೆ ವ್ಯವಸ್ಥೆ ನಿಂತುಹೋಯಿತು. ಬಿಸಿಲಿಗಾಗಲಿ ಸಿಲಿಕಾನಿಗಾಗಲಿ ಅಲ್ಲಿ ಕೊರತೆಯಿರಲಿಲ್ಲ. ಮುಂದಿನ ಬ್ಯಾಟರಿಗಾಗಿ ಮೊದಲ ತಿಂಗಳಿನಿಂದಲೇ ಎತ್ತಿಡಬೇಕಾದ ಹಣವೂ, ಅದರ ಹೊಣೆ ಹೊತ್ತವರೂ ಇರಬೇಕಾಗಿತ್ತು. ಕರ್ನಾಟಕದಲ್ಲಿಯೂ ಈ ಎಚ್ಚರಿಕೆ ಅಗತ್ಯ. ೨೦೨೩ರಿಂದ ಗೃಹಜ್ಯೋತಿ ಯೋಜನೆಯಲ್ಲಿ ೨೦೦ ಯೂನಿಟ್ಟಿನವರೆಗೆ ಮನೆಗಳಿಗೆ ವಿದ್ಯುತ್ತು ಉಚಿತವಾಗಿ ದೊರೆಯುತ್ತಿರುವಾಗ, ತಿಂಗಳ ಬಿಲ್ಲಿನ ಉಳಿತಾಯವೆಂಬ ಕಾರಣದಿಂದ ಬೀದಿಯ ಬ್ಯಾಟರಿಗೆ ಯಾರೂ ಹಣ ಕೊಡಲಾರರು. ಕೊಡುವುದಾದರೆ ಅದು ಕತ್ತಲೆಯ ಆ ನಾಲ್ಕು ಗಂಟೆಗಳಿಗಾಗಿ.

ಆ ಪರಿಚಿತರು ಈಗ ತಮ್ಮ ಇನ್ವರ್ಟರಿಗೆ ಒಂದು ಸಣ್ಣ ಬ್ಯಾಟರಿಯನ್ನು ಸೇರಿಸಿದ್ದಾರೆ. ತಾಯಿಯ ಯಂತ್ರ ನಿಲ್ಲುವುದಿಲ್ಲ. ಅವರ ಪಕ್ಕದ ಮನೆಯಲ್ಲಿಯೂ ಉಬ್ಬಸದ ಮಗುವೊಂದಿದೆ. ಆ ಮನೆಯ ಮಾಡು ಹೆಂಚಿನದು. ಮೇಲೆ ಹಲಸಿನ ಮರದ ನೆರಳು. ಮಳೆಯ ರಾತ್ರಿಗಳಲ್ಲಿ ಅವರು ಮಗುವನ್ನು ಎತ್ತಿಕೊಂಡು ಈ ಮನೆಗೆ ಬರುತ್ತಾರೆ.

ಅಭ್ಯಾಸ

೧. ನೆಲದಿಂದ ೧೨ ಮೀಟರ್ ಎತ್ತರದಲ್ಲಿರುವ ೫೦೦ ಲೀಟರಿನ ತೊಟ್ಟಿ ತುಂಬಿದಾಗ ಅದರಲ್ಲಿ ಎಷ್ಟು ಯೂನಿಟ್ ಶಕ್ತಿ ಸಂಗ್ರಹವಾಗಿರುತ್ತದೆ? (ಉತ್ತರ: ಸುಮಾರು ೦.೦೧೬.)

೨. ಮೇಲಿನ ಲೆಕ್ಕದ ಬೀದಿಯಲ್ಲಿ ನಲವತ್ತು ಮನೆಗಳಿದ್ದರೆ ಎಷ್ಟು ಮಿಕ್ಸಿಗಳಿಗೆ ಅವಕಾಶ ಮಾಡಿಕೊಡಬೇಕು? ಸಾವಿರಕ್ಕೊಂದಕ್ಕಿಂತ ಹೆಚ್ಚು ಸಲ ಮಿತಿ ಮೀರಬಾರದು. (ಉತ್ತರ: ಎಂಟು. ಹತ್ತಲ್ಲವೇಕೆಂಬುದನ್ನು ಯೋಚಿಸಿರಿ.)

೩. ಮಳೆಗಾಲದ ಒಂದು ವಾರ, ಪ್ರತಿದಿನ ಸಂಜೆ ಆರಕ್ಕೂ ರಾತ್ರಿ ಹತ್ತಕ್ಕೂ ನಿಮ್ಮ ಮನೆಯ ಮೀಟರನ್ನು ಓದಿ ಬರೆದಿಡಿರಿ. ಅದರಲ್ಲಿ ಕತ್ತಲೆಯ ದಿನ ಬಿಡಲಾಗದುದು ಎಷ್ಟು, ಬಿಡಬಹುದಾದುದು ಎಷ್ಟು ಎಂಬುದನ್ನು ಮನೆಯ ಹಿರಿಯರೊಡನೆ ಕುಳಿತು ವಿಂಗಡಿಸಿರಿ. ನಿಮ್ಮ ಬೀದಿಯ ಬ್ಯಾಟರಿಯ ಗಾತ್ರವನ್ನು ನಿರ್ಣಯಿಸುವ ಕೆಲಸ ಅಲ್ಲಿಂದ ಆರಂಭವಾಗುತ್ತದೆ.